ಹದಿನೇಳನೆಯ ವಿಳಾಸ

ಜೂನ್ 9

ಶಾಲಾ ಗ್ರಂಥಪಾಲಕಿಯವರಿಗೆ,

ಇದು ಕಚೇರಿ ಪತ್ರ. ಕುಶಲ ವಿಚಾರಿಸಲು ಬರೆದದ್ದಲ್ಲ.

ನಿಮ್ಮ ಶಾಲೆಯಿಂದ ವರ್ಗ ಮಾಡಿಸಿಕೊಂಡು ಬಂದು ಎರಡು ವರ್ಷವಾಯಿತು. ಅಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವಳು ಇಲ್ಲಿ ಮುಖ್ಯೋಪಾಧ್ಯಾಯಿನಿ. ನೂರ ನಲವತ್ತು ಮಕ್ಕಳು, ಐದು ಜನ ಟೀಚರುಗಳು. ಕಳೆದ ತಿಂಗಳು ನಮಗೆ ಎಂಟು ಕಂಪ್ಯೂಟರುಗಳು ಬಂದವು, ಜೊತೆಗೆ ಆಮೆ ನಡಿಗೆಯ ಒಂದು ಇಂಟರ್‌ನೆಟ್ ಸಂಪರ್ಕ. ಬಂದ ದಿನ ಎಲ್ಲರೂ ಚಪ್ಪಾಳೆ ತಟ್ಟಿದೆವು. ಮರುದಿನದಿಂದ ತಲೆನೋವು.

ಮಕ್ಕಳು ಏನನ್ನೋ ಹುಡುಕುತ್ತಾರೆ, ಮೊದಲು ಕಂಡದ್ದನ್ನು ಬರೆದುಕೊಂಡು ಬರುತ್ತಾರೆ. ಎಲೆ ಏಕೆ ಹಸಿರಾಗಿದೆ ಎಂದು ಆರನೇ ತರಗತಿಗೆ ಕೇಳಿದ್ದೆ. ಒಬ್ಬಳು ಅಂದವಾದ ಅಕ್ಷರದಲ್ಲಿ ಹತ್ತು ಸಾಲು ಬರೆದು ತಂದಳು. ಹತ್ತನೆಯ ಸಾಲು: "ಇಂದೇ ಕೊಂಡರೆ ಇನ್ನೊಂದು ಬಾಟಲಿ ಉಚಿತ." ಕೂದಲಿನ ಎಣ್ಣೆಯ ಜಾಹೀರಾತನ್ನೂ ಬಿಡದೆ ಇಳಿಸಿದ್ದಳು. "ಯಾವುದನ್ನ ನೋಡೋಕೆ ಬಿಡಬೇಕು, ಯಾವುದನ್ನ ಬಿಡಬಾರದು, ನೀವೇ ಹೇಳಿ" ಎಂದು ಹೆತ್ತವರು ಗೇಟಿನ ಹತ್ತಿರವೇ ಹಿಡಿದು ನಿಲ್ಲಿಸುತ್ತಾರೆ. ನನಗೆ ಉತ್ತರ ಗೊತ್ತಿಲ್ಲ.

ಮಕ್ಕಳಿಗೆ, ಹೆತ್ತವರಿಗೆ, ಟೀಚರುಗಳಿಗೆ ಉಪಯೋಗವಾಗುವ ವೆಬ್‌ಸೈಟುಗಳ ಪಟ್ಟಿಯೊಂದನ್ನು ನೀವು ಮಾಡಿದ್ದೀರೆಂದು ಕೇಳಿದೆ. ಅದರ ಒಂದು ಪ್ರತಿ ಕಳಿಸಿದರೆ ಉಪಕಾರವಾಗುತ್ತದೆ.

ಇತಿ,
ಮುಖ್ಯೋಪಾಧ್ಯಾಯಿನಿ


ಜೂನ್ 17

ಅಕ್ಕಾ,

ನೀವು ಏನೇ ಅನ್ನಿ, ನಾನು ಅಕ್ಕ ಎಂದೇ ಬರೆಯುವವಳು. ಒಂಬತ್ತು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಪಕ್ಕಪಕ್ಕದ ಕುರ್ಚಿಯಲ್ಲಿ ಕೂತು "ಏ ಸೂಜಿ, ಚಹಾ ಆರಿಹೋಗ್ತಿದೆ ಕಣೇ" ಎಂದು ಕೂಗಿಸಿಕೊಂಡವಳಿಗೆ ಈಗ "ನೀವು", "ಉಪಕಾರ" ಎಂದೆಲ್ಲ ಬರೆದರೆ ಬೇರೆ ಯಾರದೋ ಪತ್ರ ಒಡೆದು ಓದಿದ ಹಾಗಾಗುತ್ತದೆ.

ಪಟ್ಟಿ ಇದರ ಜೊತೆಗಿದೆ. ನಲವತ್ತೊಂದು ವಿಳಾಸಗಳು. ಒಂದೊಂದನ್ನೂ ನಾನೇ ಕೂತು ನೋಡಿದ್ದೇನೆ. ಇದಕ್ಕಿಂತ ಒಳ್ಳೆಯ ಪಟ್ಟಿ ಸುತ್ತಮುತ್ತ ಯಾವ ಶಾಲೆಯಲ್ಲೂ ಇಲ್ಲವೆಂದು ಸಂಕೋಚವಿಲ್ಲದೆ ಹೇಳುತ್ತೇನೆ. ನಮ್ಮಲ್ಲಿ ಇದನ್ನು ಗೋಡೆಗೂ ಹಚ್ಚಿದ್ದೇವೆ, ಮಕ್ಕಳ ಡೈರಿಯಲ್ಲೂ ಅಂಟಿಸಿದ್ದೇವೆ.

ಆದರೆ ಪಟ್ಟಿಗಿಂತ, ಅದನ್ನು ಮಾಡಿದ ಬಗೆ ನಿಮಗೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಯಾವ ಸೈಟು ತೆರೆದರೂ ಮೊದಲು ಬರೆದವರು ಯಾರೆಂದು ಹುಡುಕುತ್ತೇನೆ. ಹೆಸರು ಹೇಳಲು ಹಿಂಜರಿಯುವವರು ಪಾಠ ಹೇಳುವುದು ಬೇಡ. ಆಮೇಲೆ, ಅದು ನಮ್ಮನ್ನು ಏನು ಕೇಳುತ್ತದೆಂದು ನೋಡುತ್ತೇನೆ. ಫೋನ್ ನಂಬರು, ಫೋಟೋ, ಮನೆ ವಿಳಾಸ ಎಂದು ಬಾಯಿಬಿಟ್ಟರೆ ಅಲ್ಲಿಗೇ ಮುಚ್ಚುತ್ತೇನೆ. ಇಷ್ಟು ದಾಟಿದರೆ ಒಬ್ಬ ವಿದ್ಯಾರ್ಥಿನಿಯನ್ನು ಅದರ ಮುಂದೆ ಕೂರಿಸಿ ಹತ್ತು ನಿಮಿಷ ಬಾಯಿಗೆ ಬೀಗ ಹಾಕಿಕೊಂಡು ಪಕ್ಕದಲ್ಲಿರುತ್ತೇನೆ. ಅವಳು ನನ್ನ ಕಡೆ ತಿರುಗಿ ಏನಾದರೂ ಪ್ರಶ್ನೆ ಕೇಳಿದಳೋ, ಸೈಟು ಪಾಸು. ಸುಮ್ಮನೆ ಗುಂಡಿ ಒತ್ತುತ್ತಾ ಕೂತಳೋ, ಫೇಲು.

ಟೀಚರುಗಳ ಭಾಗ ಮಾಡುವುದೇ ಕಷ್ಟವಾಯಿತು. ತಮಗೂ ಹುಡುಕುವುದಿದೆ ಎಂದು ಯಾರಿಗೂ ತಿಳಿಯಬಾರದು ಅವರಿಗೆ. ಭಾಷಾ ಮೇಷ್ಟ್ರು ಕಪಾಟಿನ ಹಿಂದೆ ನಿಂತು, "ಮೇಡಂ, ವ್ಯಾಕರಣಕ್ಕೆ ಒಳ್ಳೇದೇನಾದ್ರೂ ಇದ್ಯಾ? ನನಗಲ್ಲ, ನನ್ನ ಸ್ನೇಹಿತರಿಗೆ" ಎಂದರು. ಆ ಸ್ನೇಹಿತರು ಈಗ ವಾರಕ್ಕೆ ಮೂರು ಸಲ ಬರುತ್ತಾರೆ, ಮೇಷ್ಟ್ರ ಅಂಗಿಯನ್ನೇ ತೊಟ್ಟುಕೊಂಡು.

ಎರಡು ವರ್ಷದ ಹಿಂದಿನ ಆ ಹೆತ್ತವರ ಸಭೆಯ ವಿಷಯ ಬರೆಯಬೇಕೆಂದು ಕೂತಿದ್ದೆ. ಹಾಳೆ ಮುಗಿಯುತ್ತಾ ಬಂತು.

ನಿಮ್ಮ,
ಸೂಜಿ


ಜುಲೈ 6

ಗ್ರಂಥಪಾಲಕಿಯವರಿಗೆ,

ಪಟ್ಟಿ ತಲುಪಿತು. ಬಳಸಿದೆವು. ಹನ್ನೆರಡು ನಮಗೆ ಹೊಂದಲಿಲ್ಲ. ಕೆಲವು ನಮ್ಮ ಸಂಪರ್ಕದಲ್ಲಿ ತೆರೆಯುವಷ್ಟರಲ್ಲಿ ಪಿರಿಯಡ್ಡೇ ಮುಗಿಯುತ್ತದೆ. ಉಳಿದವುಗಳ ಭಾಷೆ ಮಕ್ಕಳ ತಲೆಯ ಮೇಲಿಂದ ಹಾರಿಹೋಗುತ್ತದೆ. ಇಪ್ಪತ್ತೊಂಬತ್ತು ಚೆನ್ನಾಗಿವೆ. ಚೆನ್ನಾಗಿವೆ ಎಂದರೆ ನಿಜಕ್ಕೂ ಚೆನ್ನಾಗಿವೆ.

ಒಂದು ಸಂಗತಿ ನಿಮಗೆ ತಿಳಿಸಲೇಬೇಕು. ಇಲ್ಲೊಬ್ಬ ದರ್ಜಿ ಇದ್ದಾರೆ. ಮಗಳು ಐದನೇ ತರಗತಿ, ಭಿನ್ನರಾಶಿ ಎಂದರೆ ಅಳುತ್ತಾಳೆ. "ನಾನೇ ನಾಲ್ಕನೇ ಕ್ಲಾಸಿಗೆ ಬಿಟ್ಟವನು ಮೇಡಂ, ಅವಳ ಪುಸ್ತಕ ತೆಗೆದ್ರೆ ನನಗೇ ಬೆವರು ಬರುತ್ತೆ" ಎಂದರು. ನಿಮ್ಮ ಪಟ್ಟಿಯ ಹೆತ್ತವರ ಭಾಗದಲ್ಲಿ, ಉದ್ದದ ಕಾಗದದ ಪಟ್ಟಿಗಳನ್ನು ಕತ್ತರಿಸಿ ಭಿನ್ನರಾಶಿ ತೋರಿಸುವ ಸೈಟಿದೆಯಲ್ಲ, ಅದರ ಮುಂದೆ ಶನಿವಾರ ಅವರನ್ನು ಕೂರಿಸಿದೆ. ಎರಡು ನಿಮಿಷ ನೋಡಿ ಜೋರಾಗಿ ನಕ್ಕರು. "ಇದೇನಾ ಇದು? ಮುಕ್ಕಾಲು ಮೀಟರ್‌ಗೆ ಎರಡು ತೋಳು ತೆಗೆಯೋದು. ಇದನ್ನ ನಾನು ದಿನಾ ಮಾಡ್ತೀನಿ!" ಮುಂದಿನ ಶನಿವಾರ ಮಗಳನ್ನೂ ಕರೆತಂದರು, ಕೊರಳಲ್ಲಿ ಅಳತೆಯ ಟೇಪು. ಅಪ್ಪ ಮಗಳಿಗೆ ಹೇಳಿಕೊಡುವಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಒಳಗೆ ಹೋಗುವ ಅಗತ್ಯ ಕಾಣಲಿಲ್ಲ.

ಸಭೆಯ ವಿಷಯಕ್ಕೆ ಹಾಳೆ ಸಾಲಲಿಲ್ಲವೆಂದಿದ್ದೀರಿ. ನನ್ನ ಹಾಳೆಯಲ್ಲಿ ಜಾಗವಿದೆ. ನಾಲಿಗೆಯ ತುದಿಗೆ ಸಿಹಿ, ಹಿಂದಕ್ಕೆ ಕಹಿ, ಪಕ್ಕಕ್ಕೆ ಹುಳಿ ಎಂದು ತೋರಿಸುವ ಚಿತ್ರವನ್ನು ಇಂಟರ್‌ನೆಟ್ಟಿನಿಂದ ಇಳಿಸಿ ಮಕ್ಕಳಿಗೆ ಹಂಚಿದ್ದೆ. ಹೆತ್ತವರ ಸಭೆಯಲ್ಲಿ, ಇನ್ನೂರು ಜನರ ನಡುವೆ, ನೀವು ಆ ಹಾಳೆ ಎತ್ತಿ ಹಿಡಿದು, "ಇದು ಎಷ್ಟೋ ವರ್ಷದ ಹಿಂದೆಯೇ ಸುಳ್ಳು ಅಂತ ಗೊತ್ತಾಗಿರೋ ವಿಷಯ. ನೋಡದೆ ಇಳಿಸಿದ್ರೆ ಹೀಗೇ ಆಗೋದು" ಎಂದಿರಿ. ಜನ ನಕ್ಕರು. ನನ್ನ ವಿದ್ಯಾರ್ಥಿಗಳೂ ನಕ್ಕರು.

ಇತಿ,
ಮುಖ್ಯೋಪಾಧ್ಯಾಯಿನಿ


ಜುಲೈ 20

ಅಕ್ಕಾ,

ದರ್ಜಿಯವರ ಕಥೆಯನ್ನು ಸ್ಟಾಫ್ ರೂಮಿನಲ್ಲಿ ಓದಿ ಹೇಳಿದೆ. ಗಣಿತದ ಮೇಷ್ಟ್ರು ಎರಡು ಸಲ ಓದಿಸಿದರು. ಹೊಂದದ ಹನ್ನೆರಡರ ಬದಲಿಗೆ ಹಗುರವಾದ ಒಂಬತ್ತನ್ನು ಹುಡುಕಿ ಕಳಿಸಿದ್ದೇನೆ. ನಿಧಾನದ ಸಂಪರ್ಕದಲ್ಲೂ ತೆರೆಯುತ್ತವೆ.

ನಾಲಿಗೆಯ ವಿಷಯ. ನಾನು ಹೇಳಿದ್ದು ಸರಿ. ಎಲ್ಲ ರುಚಿಯೂ ನಾಲಿಗೆಯ ಎಲ್ಲ ಕಡೆಯೂ ತಿಳಿಯುತ್ತದೆ. ಅವತ್ತೂ ಸರಿ, ಇವತ್ತೂ ಸರಿ. ಸರಿಯಾದದ್ದನ್ನು ಹೇಳಿದ್ದಕ್ಕೆ ಎರಡು ವರ್ಷ ಮಾತು ಬಿಡುತ್ತಾರೆಯೇ?

ನಿಮ್ಮ,
ಸೂಜಿ


ಆಗಸ್ಟ್ 11

ಗ್ರಂಥಪಾಲಕಿಯವರಿಗೆ,

ನೀವು ಹೇಳಿದ್ದು ಸರಿಯೆಂದು ನಾನು ಅದೇ ಸಂಜೆ ಪುಸ್ತಕ ತೆಗೆದು ನೋಡಿ ಒಪ್ಪಿಕೊಂಡಿದ್ದೆ. ನಾನು ಬರೆದದ್ದು ನಾಲಿಗೆಯ ವಿಷಯವಲ್ಲ. ಅದು ನಿಮಗೆ ಅರ್ಥವಾಗಿಲ್ಲವೆಂದರೆ ಬಿಡಿ.

ಒಂದು ಕೆಲಸದ ಮಾತು. ಪಟ್ಟಿಯ ಹದಿನೇಳನೆಯ ವಿಳಾಸ, ನಾಲ್ಕನೇ ತರಗತಿಯವರ ಭೂಪಟ ಜೋಡಿಸುವ ಆಟ, ಈಚೆಗೆ ಬೇರೆ ಥರ ಕಾಣುತ್ತಿದೆ. ಮೊನ್ನೆ ತೆರೆದಾಗ ಬಣ್ಣ ಬದಲಾಗಿತ್ತು, ಮೂಲೆಯಲ್ಲಿ ಏನೋ ಬಹುಮಾನದ ಕಿಟಕಿ. ನಾನು ನಮ್ಮಲ್ಲಿ ಅದನ್ನು ಹೊಡೆದುಹಾಕಿಸಿದ್ದೇನೆ. ನೀವೂ ಒಮ್ಮೆ ನೋಡಿ.

ಇತಿ,
ಮುಖ್ಯೋಪಾಧ್ಯಾಯಿನಿ


ಸೆಪ್ಟೆಂಬರ್ 3

ಅಕ್ಕಾ,

ಆಗಬಾರದ್ದು ಆಯಿತು.

ಹದಿನೇಳನೆಯದನ್ನು ಮಾಡಿದವರು ಅದರ ವಿಳಾಸಕ್ಕೆ ವರ್ಷ ವರ್ಷ ಕಟ್ಟಬೇಕಾದ ಹಣ ಕಟ್ಟದೆ ಬಿಟ್ಟರಂತೆ. ಬೇರೆ ಯಾರೋ ಅದನ್ನು ಹಿಡಿದುಕೊಂಡರು. ಹೆಸರು ಅದೇ, ಒಳಗೆ ಮಾತ್ರ ಭೂಪಟದ ಬದಲು ಜೂಜಿನ ಚಕ್ರ. ನಾಲ್ಕನೇ ತರಗತಿಯ ಒಬ್ಬಳು ಡೈರಿಯಲ್ಲಿ ಅಂಟಿಸಿದ್ದ ನನ್ನ ಪಟ್ಟಿ ನೋಡಿಕೊಂಡು, ಒಂದೊಂದೇ ಅಕ್ಷರ ಒತ್ತಿ ಅದನ್ನು ತೆರೆದಿದ್ದಾಳೆ. ಪಕ್ಕದಲ್ಲಿ ಅಜ್ಜಿಯೂ ಇದ್ದರು. ಶಾಲೆಯವರೇ ಕೊಟ್ಟ ಆಟವಲ್ಲವೇ ಎಂದು ಅವರೂ ಎರಡು ಸಲ ಚಕ್ರ ತಿರುಗಿಸಿದ್ದಾರೆ. ಅದು ಫೋನ್ ನಂಬರು ಕೇಳಿದೆ. ಕಳೆದುಹೋದರೆ ಹೇಳಲೆಂದು ನಾವೇ ಬಾಯಿಪಾಠ ಮಾಡಿಸಿದ್ದ ಅಪ್ಪನ ನಂಬರನ್ನು ಅವಳು ತಪ್ಪಿಲ್ಲದೆ ಒತ್ತಿದ್ದಾಳೆ.

ಅಪ್ಪ ಔಷಧಿ ಅಂಗಡಿಯವರು. ಮೂರು ದಿನ ಎಡೆಬಿಡದೆ ಕರೆಗಳು. ನಾಲ್ಕನೆಯ ದಿನ ಅವರು ಡೈರಿ ಹಿಡಿದುಕೊಂಡು ಬಂದರು. ಕಿರುಚಲಿಲ್ಲ. ಕಿರುಚಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಡೈರಿಯನ್ನು ನನ್ನ ಮುಂದಿಟ್ಟು, "ನೀವು ಕೊಟ್ಟಿದ್ದು ಅಂತ ನಾವು ನೋಡ್ಲೇ ಇಲ್ಲ ಮೇಡಂ" ಎಂದರು, ಅಷ್ಟೇ.

ಪ್ರಿನ್ಸಿಪಾಲರು ಎಲ್ಲ ಗೋಡೆಗಳಿಂದಲೂ ಪಟ್ಟಿ ತೆಗೆಸಿದ್ದಾರೆ. ಇಪ್ಪತ್ತನೇ ತಾರೀಖು ಹೆತ್ತವರ ಸಭೆ. ಪಟ್ಟಿಯನ್ನು ಪೂರ್ತಿ ಕೈಬಿಟ್ಟು ಕಂಪ್ಯೂಟರ್ ಕೋಣೆಗೆ ಬೀಗ ಹಾಕಬೇಕೆಂದು ಆಗಲೇ ನಲವತ್ತು ಜನ ಸಹಿ ಮಾಡಿಕೊಟ್ಟಿದ್ದಾರೆ.

ನಿಮ್ಮ ಆಗಸ್ಟ್ ಪತ್ರ ಮೂರು ವಾರ ನನ್ನ ಮೇಜಿನ ಮೇಲೇ ಇತ್ತು. ಕೆಲಸ ಜಾಸ್ತಿಯಿತ್ತು, ನೋಡಲಾಗಲಿಲ್ಲ ಎಂದು ಬರೆಯಬಹುದು. ಆದರೆ ಅದಕ್ಕೆ ಬೇಕಾಗಿದ್ದದ್ದು ಅರ್ಧ ನಿಮಿಷ. ನೋಡದಿರಲು ಕಾರಣ ಕೆಲಸವಲ್ಲ. ತಪ್ಪು ತೋರಿಸಿದವರು ನೀವು, ಅದೇ ಕಾರಣ.

ಸೂಜಿ


ಸೆಪ್ಟೆಂಬರ್ 9

ಏ ಸೂಜಿ,

ಅತ್ತದ್ದು ಸಾಕು, ಮುಖ ತೊಳೆದುಕೋ. ಇಪ್ಪತ್ತನೇ ತಾರೀಖಿಗೆ ಇನ್ನೂ ಹನ್ನೊಂದು ದಿನವಿದೆ. ಅಷ್ಟು ದಿನದಲ್ಲಿ ನೀನು ಬೇಕಾದಷ್ಟು ಮಾಡಬಹುದು.

ನಲವತ್ತೊಂದನ್ನೂ ಮತ್ತೆ ತೆರೆದು ನೋಡಬೇಕು. ಒಂದರಿಂದ ಇಪ್ಪತ್ತು ನಿನ್ನದು. ಇಪ್ಪತ್ತೊಂದರಿಂದ ಮುಂದಕ್ಕೆ ನಾವು ನೋಡುತ್ತೇವೆ. ನಮ್ಮ ಟೀಚರುಗಳಿಗೆ ತಲಾ ನಾಲ್ಕು ಹಂಚಿದ್ದೇನೆ, ಉಳಿದದ್ದೊಂದು ನನಗೆ. ಆರನೇ ತರಗತಿಯವರು ಪಕ್ಕದಲ್ಲಿ ಕೂತು ಎಲ್ಲ ಗುಂಡಿಗಳನ್ನೂ ಒತ್ತುತ್ತಾರೆ. ದೊಡ್ಡವರು ಒತ್ತದ ಗುಂಡಿಗಳು ಅವರಿಗೇ ಗೊತ್ತು. ದರ್ಜಿಯೂ ಅಂಗಡಿಗೆ ಅರ್ಧ ದಿನ ರಜೆ ಹಾಕಿ ಬರುತ್ತೇನೆಂದಿದ್ದಾರೆ. ನಾನು ಕರೆದಿರಲಿಲ್ಲ.

ಕ್ಷಮಾಪಣೆ ಪತ್ರ ಬರೆಯಲು ಕೂರಬೇಡ. ನೀನು ಬರೆದರೆ ಅದರಲ್ಲೂ ಎರಡು ಕಡೆ ನೀನೇ ಸರಿಯೆಂದು ಬಂದುಬಿಡುತ್ತದೆ. ನಿನ್ನ ಕೈ ನನಗೆ ಗೊತ್ತು. ನೇರವಾಗಿ ಆ ಔಷಧಿ ಅಂಗಡಿಗೆ ಹೋಗು, ಅವರಿಗೆ ಬಿಡುವಾಗುವ ತನಕ ಹೊರಗೆ ನಿಂತುಕೋ. ಅವರು ಮಾತಾಡಲಿ, ನೀನು ಕೇಳು.

ನನಗೆ ಇಲ್ಲಿ ಕೈತುಂಬಾ ಕೆಲಸವಿದೆ. ಬರುತ್ತೇನೆಂದು ಹೇಳುತ್ತಿಲ್ಲ.

ಅಕ್ಕ


ಸೆಪ್ಟೆಂಬರ್ 15

ಅಕ್ಕಾ,

ಹೇಳಿದಂತೆ ಹೋದೆ. ಅಂಗಡಿಯಲ್ಲಿ ಜನ ಇದ್ದರು. ಅರ್ಧ ಗಂಟೆ ಮೆಟ್ಟಿಲ ಮೇಲೆ ನಿಂತೆ. ಅವರು ಒಂದೊಂದು ಡಬ್ಬಿಯನ್ನೂ ತಿರುಗಿಸಿ, ಕನ್ನಡಕ ಹಣೆಗೇರಿಸಿ ಏನನ್ನೋ ನೋಡಿ, ಆಮೇಲೇ ಕೊಡುತ್ತಿದ್ದರು. ಒಂದು ಡಬ್ಬಿಯನ್ನು ಕೊಡದೆ ಪಕ್ಕಕ್ಕಿಟ್ಟರು.

ಬಿಡುವಾದ ಮೇಲೆ, "ತಪ್ಪು ನಂದು. ಮೊದಲೇ ಒಬ್ಬರು ಹೇಳಿದ್ರು, ನಾನು ನೋಡ್ಲಿಲ್ಲ" ಎಂದೆ. ಇಷ್ಟು ಹೇಳಲು ನನಗೆ ಹಿಡಿದ ಹೊತ್ತಿನಲ್ಲಿ ಅವರು ಇನ್ನಿಬ್ಬರಿಗೆ ಮಾತ್ರೆ ಕೊಟ್ಟು ಕಳಿಸಬಹುದಿತ್ತು.

ಅವರು ಪಕ್ಕಕ್ಕಿಟ್ಟ ಡಬ್ಬಿ ತೋರಿಸಿದರು. "ಇದು ಒಳ್ಳೇ ಔಷಧಿ ಮೇಡಂ. ಬರೋವಾಗ ಒಳ್ಳೇದೇ. ಆದ್ರೆ ತಾರೀಖು ಮುಗೀತು, ಇನ್ನು ಕೊಡೋ ಹಾಗಿಲ್ಲ. ನನ್ನ ಅಂಗಡೀಲಿರೋ ಎಲ್ಲದರ ಮೇಲೂ ತಾರೀಖಿದೆ. ನಿಮ್ಮ ಪಟ್ಟಿ ಮೇಲೆ ಎಲ್ಲಿದೆ?"

ಅಕ್ಕಾ, ನಲವತ್ತೊಂದು ಸೈಟುಗಳನ್ನು ಜರಡಿ ಹಿಡಿದವಳಿಗೆ ಇದು ಹೊಳೆದಿರಲಿಲ್ಲ. ಒಮ್ಮೆ ನೋಡಿದ್ದು ಎಂದೆಂದಿಗೂ ಹಾಗೇ ಇರುತ್ತದೆಂದು, ಪುಸ್ತಕದ ಕಪಾಟು ನೋಡಿಕೊಳ್ಳುವವಳ ಬುದ್ಧಿಯಿಂದ ಅಂದುಕೊಂಡಿದ್ದೆ. ಪುಸ್ತಕವನ್ನು ಇಟ್ಟಲ್ಲಿ ಇಟ್ಟರೆ ಒಳಗಿನದು ಬದಲಾಗುವುದಿಲ್ಲ. ಇದು ಬದಲಾಗುತ್ತದೆ.

ಮಗಳು ಅಲ್ಲೇ ಒಳಗೆ ಕೂತಿದ್ದಳು. "ಆ ಭೂಪಟದ ಆಟ ಚೆನ್ನಾಗಿತ್ತು ಮಿಸ್, ಅದು ಎಲ್ಲಿಗೆ ಹೋಯ್ತು?" ಎಂದಳು. ಹುಡುಕಿಕೊಡುತ್ತೇನೆಂದು ಮಾತು ಕೊಟ್ಟು ಬಂದಿದ್ದೇನೆ.

ಒಂದರಿಂದ ಇಪ್ಪತ್ತರಲ್ಲಿ, ಹದಿನೇಳನ್ನು ಬಿಟ್ಟು, ಎರಡು ಸತ್ತಿವೆ. ಉಳಿದವು ಗಟ್ಟಿ. ನಿಮ್ಮ ಕಡೆಯ ಲೆಕ್ಕ ನಿನ್ನೆ ತಲುಪಿತು. ಮೂವತ್ಮೂರನೆಯದು ಮಕ್ಕಳ ಫೋಟೋ ಕೇಳಲು ಶುರುಮಾಡಿದೆಯೆಂದು ಕಂಡುಹಿಡಿದ ಆರನೇ ತರಗತಿಯ ಕಳ್ಳಿಗೆ ನನ್ನ ಸಲಾಮು.

ಸೂಜಿ


ಸೆಪ್ಟೆಂಬರ್ 22

ಅಕ್ಕಾ,

ಬರುತ್ತೇನೆಂದು ಹೇಳದವರು ಮೊನ್ನೆ ಸಭಾಂಗಣದ ಹಿಂದಿನ ಬಾಗಿಲಿನಿಂದ ಚೀಲ ಹಿಡಿದು ಒಳಗೆ ಬಂದಾಗ ನನಗೆ ಹೇಗಾಯಿತೆಂದು ಬರೆಯಲು ಬರುವುದಿಲ್ಲ. ನಾಲ್ಕರ ಬಸ್ಸಿಗೆಂದು ನೀವು ಸಭೆ ಮುಗಿಯುವ ಮೊದಲೇ ಎದ್ದು ಹೋದಿರಿ. ಆದ್ದರಿಂದ ಉಳಿದದ್ದನ್ನು ಬರೆಯುತ್ತಿದ್ದೇನೆ.

ಮೊದಲರ್ಧ ನೀವೇ ಕಂಡಿರಿ. ಬೀಗ ಹಾಕಿ, ಬೀಗ ಹಾಕಿ ಎಂದು ಎಲ್ಲರೂ ಒಂದೇ ಸ್ವರ. ಆಗ ನೀವು ಎದ್ದು, "ನಾನು ಬೇರೆ ಶಾಲೆಯವಳು, ಎರಡು ಮಾತು ಆಡಬಹುದಾ?" ಎಂದಿರಿ. ನೀವು ಆಡಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. "ಎರಡು ವರ್ಷದ ಹಿಂದೆ ಇದೇ ಹಾಲ್‌ನಲ್ಲಿ ನನ್ನ ತಪ್ಪನ್ನ ಎಲ್ಲರೆದುರು ಎತ್ತಿ ತೋರಿಸಿದ್ರು. ತೋರಿಸಿದವರು ಇವರೇ. ಅವತ್ತು ನೆಲ ಬಾಯಿ ಬಿಟ್ರೆ ಸಾಕು ಅನ್ನಿಸಿತ್ತು. ಆದ್ರೆ ತಪ್ಪು ತಪ್ಪೇ ಆಗಿತ್ತು. ಮಕ್ಕಳ ಕೈಗೆ ಏನು ಹೋಗ್ತಿದೆ ಅಂತ ಕಣ್ಣಲ್ಲಿ ಕಣ್ಣಿಟ್ಟು ನೋಡೋರು ಒಂದು ಶಾಲೆಗೆ ಒಬ್ಬರಾದ್ರೂ ಬೇಕು. ಅವರು ಒಂದು ಸಲ ಎಡವಿದ್ರು ಅಂತ ನೀವು ಕೋಣೆಗೆ ಬೀಗ ಹಾಕಿದ್ರೆ ಮಕ್ಕಳು ಹುಡುಕೋದನ್ನ ನಿಲ್ಲಿಸಲ್ಲ. ಒಬ್ಬೊಬ್ಬರೇ ಹುಡುಕ್ತಾರೆ, ಅಷ್ಟೇ."

ಆಗಸ್ಟ್ ಪತ್ರದ ಮಾತನ್ನು ನೀವು ಎತ್ತಲಿಲ್ಲ. ಎತ್ತುತ್ತೀರೇನೋ ಎಂದು ನಾನು ಕಾದೆ. ನೀವು ಕೂತು ಚೀಲ ಸರಿಮಾಡಿಕೊಂಡು ಗಡಿಯಾರ ನೋಡಿ ಹೊರಟಿರಿ.

ನೀವು ಹೋದ ಮೇಲೆ ನಾನು ಎದ್ದೆ. ಆ ಆಗಸ್ಟ್ ಪತ್ರವನ್ನು ಎಲ್ಲರೆದುರು ಪೂರ್ತಿ ಓದಿದೆ. "ಈಗ ಎದ್ದು ಹೋದವರೇ ನನ್ನನ್ನ ಎಚ್ಚರಿಸಿದ್ರು. ನಾನು ಬೇಕಂತಲೇ ನೋಡ್ಲಿಲ್ಲ" ಎಂದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು, ನನಗೂ ಅದರ ರುಚಿ ತಿಳಿಯುತ್ತಿತ್ತು.

ಆಮೇಲೆ ಔಷಧಿ ಅಂಗಡಿಯವರು ಎದ್ದರು. "ಅವಧಿ ಮುಗಿದ ಡಬ್ಬಿ ಒಂದು ಸಿಕ್ತು ಅಂತ ಅಂಗಡಿ ಮುಚ್ಚಲ್ಲ. ಆದ್ರೆ ಒಬ್ಬರೇ ಎಲ್ಲಾ ಡಬ್ಬಿ ನೋಡೋಕೂ ಆಗಲ್ಲ. ನನಗೊಂದು ಹತ್ತು ವಿಳಾಸ ಕೊಡಿ" ಎಂದರು. ಅವರ ಹಿಂದೆ ಇನ್ನೂ ಆರು ಕೈ ಮೇಲೆದ್ದವು. ಪಟ್ಟಿ ಉಳಿಯಿತು, ಕೋಣೆಯೂ ಉಳಿಯಿತು. ಇನ್ನು ಪ್ರತಿ ವಿಳಾಸದ ಮುಂದೆ ನೋಡಿದ ತಾರೀಖು, ನೋಡಿದವರ ಸಹಿ. ಮೂರು ತಿಂಗಳು ದಾಟಿದರೆ ಅದು ತಾನಾಗಿ ಗೋಡೆಯಿಂದ ಇಳಿಯಬೇಕು. ನೋಡುವ ಕೆಲಸವನ್ನು ಗುಂಪುಗಳಿಗೆ ಹಂಚಿದ್ದೇವೆ, ಪ್ರತಿ ಗುಂಪಿನಲ್ಲೂ ಒಬ್ಬರು ಹೆತ್ತವರು, ಒಬ್ಬರು ಟೀಚರು, ಇಬ್ಬರು ಮಕ್ಕಳು. ಸಹಿ ಮಾಡಿದ್ದ ನಲವತ್ತು ಜನರಲ್ಲಿ ಇಪ್ಪತ್ತಾರು ಜನ ಸಹಿ ವಾಪಸು ತೆಗೆದುಕೊಂಡರು. ಹದಿನಾಲ್ಕು ಜನ ಇನ್ನೂ ಒಪ್ಪಿಲ್ಲ. ಇರಲಿ, ಅವರೂ ಬಂದು ನೋಡಲಿ.

ಈಗ, ಹಾಳೆಯಲ್ಲಿ ಜಾಗವಿಲ್ಲವೆಂದು ಬಿಟ್ಟ ಮಾತು. ನಾಲಿಗೆಯ ಆ ಹಾಳೆ ನನ್ನ ಕೈಗೆ ಬಂದಾಗ ಸಭೆಗೆ ಇನ್ನೂ ಅರ್ಧ ಗಂಟೆ ಇತ್ತು. ನೀವು ಪಕ್ಕದ ಕುರ್ಚಿಯಲ್ಲೇ ಕೂತು ಹಾಜರಿ ಬರೆಯುತ್ತಿದ್ದಿರಿ. ಕೈ ಚಾಚಿದ್ದರೆ ನಿಮ್ಮ ಭುಜ ಸಿಗುತ್ತಿತ್ತು. ಅಲ್ಲೇ ಹೇಳಬಹುದಿತ್ತು. ಸಭೆಯಲ್ಲಿ ಹೇಳಿದರೆ ನಾನೆಷ್ಟು ಬಲ್ಲವಳೆಂದು ಇನ್ನೂರು ಜನಕ್ಕೆ ಕಾಣುತ್ತದೆಂದು ಕಾದುಕೊಂಡು ಕೂತೆ. ಹೇಳಿದ್ದು ಸರಿ ಅಕ್ಕಾ. ಹೇಳಿದವಳು ಸರಿಯಿರಲಿಲ್ಲ.

ಸೂಜಿ


ಅಕ್ಟೋಬರ್ 5

ಸೂಜಿ,

ನಿನ್ನ ಪತ್ರದ ಕೊನೆಯ ಪ್ಯಾರಾವನ್ನು ಮಡಿಸಿ ಇಟ್ಟಿದ್ದೇನೆ. ಅದಕ್ಕೆ ಉತ್ತರ ಬರೆಯುವುದಿಲ್ಲ, ಬೇಕಾಗಿದ್ದದ್ದು ಬಂತು.

ಇಲ್ಲಿ ಹೊಸದೊಂದು ತಾಪತ್ರಯ ಶುರುವಾಗಿದೆ. ಶಾಲೆಯ ಹಿಂದಿನ ಹಳೆಯ ಕಲ್ಲುಗಣಿಯಲ್ಲಿ ನೀರು ನಿಂತು ಕೆರೆಯಾಗಿದೆ, ಅಲ್ಲಿನ ಹಕ್ಕಿಗಳ ಬಗ್ಗೆ ಆರನೇ ತರಗತಿಯವರು ಎಲ್ಲೆಲ್ಲೋ ಹುಡುಕಿದರು. ಎಲ್ಲೂ ಒಂದು ಸಾಲಿಲ್ಲ. "ಇಲ್ಲ ಅಂದ್ರೆ ನಾವೇ ಮಾಡೋಣ ಮಿಸ್" ಎಂದು ಒಬ್ಬಳು ಎದ್ದಳು. ಆರು ದಿನ ಬೆಳಗ್ಗೆ ದಂಡೆಯಲ್ಲಿ ಕೂತು ಇಪ್ಪತ್ಮೂರು ಹಕ್ಕಿಗಳನ್ನು ಬರೆದುಕೊಂಡರು. ಚಿತ್ರ ಅವರದೇ, ಮಾತೂ ಅವರದೇ. ಕೆಳಗೆ ಬರೆದವರ ವಿವರ ದೊಡ್ಡದಾಗಿ ಹಾಕಿದ್ದಾರೆ: "ಆರನೇ ತರಗತಿ, ಮೂವತ್ತೊಂದು ಜನ." ಅದೀಗ ನಿಜವಾದ ಒಂದು ವೆಬ್ ಪುಟ. ಬೇರೆ ಯಾವುದೋ ಶಾಲೆಯ ಟೀಚರೊಬ್ಬರು ಆಗಲೇ ಅದನ್ನು ತಮ್ಮ ಪಟ್ಟಿಗೆ ಸೇರಿಸಲೇ ಎಂದು ಕೇಳಿದ್ದಾರೆ. ಮಕ್ಕಳು ನೆಲದ ಮೇಲೆ ನಡೆಯುತ್ತಿಲ್ಲ.

ಅದರಲ್ಲಿ ಹನ್ನೊಂದನೆಯ ಹಕ್ಕಿ ತಪ್ಪು. ಮರಿಯನ್ನೇ ಬೇರೆ ಜಾತಿಯೆಂದು ಬರೆದಿದ್ದಾರೆ. ನನಗೆ ಕಂಡಿದೆ, ಹೇಳಿಲ್ಲ. ಇನ್ನೂ ಎಷ್ಟಿವೆಯೋ ಗೊತ್ತಿಲ್ಲ. ಯಾರನ್ನಾದರೂ ಕರೆಸಿ ನೋಡಿಸೋಣವೇ ಎಂದು ಕೇಳಿದೆ. "ತುಂಬಾ ಕಟ್ಟುನಿಟ್ಟಿನವರು ಬೇಕು ಮಿಸ್" ಎಂದರು. ಅಂಥವಳೊಬ್ಬಳು ನನಗೆ ಗೊತ್ತು ಎಂದೆ.

ಶನಿವಾರ ಏಳರ ಬಸ್ಸಿಗೆ ಹೊರಡು. ನೀರಿಗಿಳಿಯುವ ಚಪ್ಪಲಿ ಹಾಕಿಕೊಂಡು ಬಾ. ಮಕ್ಕಳ ಜೊತೆ ದಂಡೆಯಲ್ಲಿ ಕೂತುಕೋ, ಅವರು ನೋಡಿದ್ದನ್ನು ನೀನೂ ನೋಡು. ಆಮೇಲೆ ಏನು ಹೇಳಬೇಕೋ ಹೇಳು. ಹೇಗೆ ಹೇಳಬೇಕೆಂದು ನಾನು ಈಗ ನಿನಗೆ ಕಲಿಸಬೇಕಾಗಿಲ್ಲ.

ನಾನು ಬಸ್ ನಿಲ್ದಾಣದಲ್ಲಿರುತ್ತೇನೆ.

ಅಕ್ಕ